ಕಿತ್ತೂರ ರಾಣಿಯ ಮುಖವೂ ತೈಲಚಿತ್ರದ ಅಭ್ಯಾಸವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲೂಕುಗಳಲ್ಲಿ ಶಾಲೆ, ಕಚೇರಿ, ಅಂಗಡಿಗಳ ಗೋಡೆಗಳ ಮೇಲೆ ರಾಣಿ ಚನ್ನಮ್ಮನವರ ಚಿತ್ರವನ್ನು ಕಾಣದ ವಾಚಕರು ಇರಲಾರರು. ಕೈಯಲ್ಲಿ ಖಡ್ಗ, ಹಾಲಿನಂಥ ಮೈಬಣ್ಣ, ಇಪ್ಪತ್ತರ ಎಳೆಯ ಮುಖ, ಒಂದು ಸುಕ್ಕೂ ಇಲ್ಲದ ಹಣೆ, ಇದೇ ಬಹುತರವಾಗಿ ಆ ಚಿತ್ರದ ಸ್ವರೂಪ. ಅದಕ್ಕೆ ಹೂಮಾಲೆ ಹಾಕಿ ಕೈಮುಗಿಯುವ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಅದು ರಾಣಿಯವರನ್ನು ಎದುರಿಗೆ ಕೂಡ್ರಿಸಿ ಬರೆದ ಚಿತ್ರವಲ್ಲ. ಅವರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಳಾಗಿ ದೇಹವಿಟ್ಟುದು 1829ರಲ್ಲಿ. ಛಾಯಾಚಿತ್ರದ ವಿದ್ಯೆಯು ಪ್ಯಾರಿಸಿನಲ್ಲಿ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಆ ಹತ್ತು ವರುಷಗಳ ಅಂತರವನ್ನು ಇನ್ನು ಯಾರೂ ದಾಟಲಾರರು. ರಾಣಿಯವರ ಮುಖವನ್ನು ನಮಗೆ ಕೊಡತಕ್ಕವನು ಚಿತ್ರಕಾರನೇ ಹೊರತು ಬೇರೆ ಯಾರೂ ಅಲ್ಲ.

ಹಾಗಾದರೆ ಆ ಚಿತ್ರಕಾರನು ಎಂಥ ಮುಖವನ್ನು ಕೊಡಬೇಕು? ರಾಣಿಯವರ ಜನ್ಮವರ್ಷವನ್ನು 1778 ಎಂದು ಎಣಿಸುವ ರೂಢಿಯನ್ನು ಹಿಡಿದರೆ, ಥ್ಯಾಕರೆಯು ಕಿತ್ತೂರ ಕೋಟೆಯ ಮುಂದೆ ಬಿದ್ದ 1824ರ ಅಕ್ಟೋಬರ 23ರಂದು ಅವರ ವಯಸ್ಸು ಸುಮಾರು 46. ಪತಿ ಮಲ್ಲಸರ್ಜ ದೇಸಾಯರು ತೀರಿಹೋಗಿ ಎಂಟು ವರುಷಗಳಾಗಿದ್ದವು. ಸಂಸ್ಥಾನಕ್ಕೆ ದತ್ತಕದ ಸಂಕಟ ಬಂದು ಒದಗಿತ್ತು. ದುಃಖವನ್ನು ಉಂಡು, ಆಡಳಿತದ ಭಾರವನ್ನು ಹೊತ್ತು, ಬಿಸಿಲು ಗಾಳಿಗಳನ್ನು ಕಂಡ ಪ್ರೌಢ ಸ್ತ್ರೀಯೊಬ್ಬರ ಮುಖ ಅದು. 1961ರಲ್ಲಿ ಬಿ.ಆರ್. ಪಂತುಲು ಅವರು ತೆಗೆದ ಚಲಚ್ಚಿತ್ರದಲ್ಲಿ ರಾಣಿಯ ಪಾತ್ರವನ್ನು ವಹಿಸಿದ ಬಿ. ಸರೋಜಾದೇವಿಯವರಿಗೆ ಆಗ ಇಪ್ಪತ್ತೈದೂ ತುಂಬಿರಲಿಲ್ಲ. ಅವರ ಅಭಿನಯವು ಜನಮನವನ್ನು ಸೂರೆಗೊಂಡಿತು. ಆದರೆ ಬೆಳ್ಳಿತೆರೆಯ ಚೆಲುವನ್ನೇ ಇತಿಹಾಸದ ಮುಖವೆಂದು ಬಗೆದರೆ ರಾಣಿಯವರ ಆಯುಷ್ಯದ ಅರ್ಧವನ್ನೇ ಅಳಿಸಿದಂತಾಗುವದಿಲ್ಲವೆ?

ವಯಸ್ಸನ್ನೂ ದುಃಖವನ್ನೂ ನಿರ್ಧಾರವನ್ನೂ ಒಂದೇ ಮುಖದಲ್ಲಿ ಬರೆಯಬಲ್ಲ ಕೈ ತಾನಾಗಿ ಹುಟ್ಟಿ ಬರುವದಿಲ್ಲ, ಅದನ್ನು ತಿದ್ದಿ ತಿದ್ದಿ ತಯಾರಿಸಬೇಕಾಗುತ್ತದೆ. ಅದಕ್ಕೆ ಹಳೆಯದೂ ಬಲವಾದುದೂ ಆದ ಒಂದು ಸಾಧನವುಂಟು. ಹಿಂದಿನ ಮಹಾಚಿತ್ರಕಾರರ, ಅದರಲ್ಲಿಯೂ ಹದಿನೇಳನೆಯ ಶತಮಾನದ ಬರೋಕ್ ಕಾಲದ ಯುರೋಪಿನ ಗುರುಗಳ, ಒಂದು ತೈಲಚಿತ್ರವನ್ನು ಎದುರಿಗಿಟ್ಟುಕೊಂಡು ಹಾಗೆಯೇ ಬರೆಯುವದೇ ಆ ಸಾಧನ. ಇದನ್ನು ಕೇಳಿದೊಡನೆ ನಮ್ಮಲ್ಲಿ ಅನೇಕರು ಮೂಗು ಮುರಿಯುವರು. ‘ನಕಲು ಮಾಡುವದು ಕಲೆಯೆ? ಅದೂ ಪರದೇಶಿಯ ನಕಲೆ?’ ಎನ್ನುವರು. ಈ ಎರಡೂ ಆಕ್ಷೇಪಗಳನ್ನು ವಿಚಾರಿಸುವದೇ ಇಂದಿನ ನಮ್ಮ ಉದ್ದೇಶ.

ನಕಲು ಬೇರೆ, ಅಭ್ಯಾಸ ಬೇರೆ

ಹಾಡುತ್ತ ಹಾಡುತ್ತ ರಾಗ ಎಂಬುದು ನಮ್ಮ ಜನರ ಮಾತು. ನಮ್ಮ ಯಾವ ವಿದ್ಯೆಯು ತಾನೆ ಅನುಕರಣವಿಲ್ಲದೆ ಬೆಳೆದಿದೆ? ಧಾರವಾಡ ಬೆಳಗಾವಿಗಳ ಸೀಮೆಯ ಹೆಣ್ಣುಮಕ್ಕಳು ಕಸೂತಿಯನ್ನು ಕಲಿತುದು ಪುಸ್ತಕದಿಂದಲ್ಲ. ಅಜ್ಜಿಯ ಇಳಕಲ್ಲ ಸೀರೆಯ ಸೆರಗನ್ನು ಮುಂದಿಟ್ಟುಕೊಂಡು, ಒಂದೊಂದು ಎಳೆಯನ್ನೆಣಿಸಿ, ಗಾವಂತಿ, ಮುರ್ಗಿ, ನೇಗಿ, ಮೆಂತಿಗಳನ್ನು ಇದ್ದುದಿದ್ದಂತೆ ಇಳಿಸಿಯೇ ಅವರು ಕಲಿತರು. ಎಣಿಕೆ ಕೈಗೆ ಹತ್ತಿದ ಮೇಲೆ ಮಾತ್ರ ಗೋಪುರಕ್ಕೊಂದು ಹೊಸ ಕಳಸ, ತೇರಿಗೊಂದು ಹೊಸ ಗಾಲಿ ಅವರ ಸೂಜಿಯಿಂದ ಮೂಡಿತು.

ಸಂಗೀತದ ಉದಾಹರಣೆಯು ಇನ್ನೂ ಹತ್ತಿರದ್ದು. ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಮಕಾಳಿಮಠ ಎಂಬ ಬಾಲಕನು ಆ ಕಾಲದ ದೊಡ್ಡ ಗಾಯಕರ ಗ್ರಾಮೋಫೋನ ಮುದ್ರಿಕೆಗಳನ್ನು ಕೇಳಿ, ಅವೇ ತಾನಗಳನ್ನು ಅದೇ ಕೊರಳಿನ ಬಳುಕಿನೊಡನೆ ಹಾಡಿ ಸಭೆಗಳನ್ನು ಬೆರಗುಗೊಳಿಸುತ್ತಿದ್ದನು. ಮುಂದೆ ಅವನು ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿಯಲ್ಲಿ ಶಿಕ್ಷಣ ಪಡೆದು, ಕುಮಾರ ಗಂಧರ್ವರೆಂದು ಖ್ಯಾತನಾಗಿ, ಯಾರಂತೆಯೂ ಅಲ್ಲದ ಗಾಯನವನ್ನು ನಾಡಿಗೆ ಕೊಟ್ಟನು. ಬಾಲ್ಯದ ಅನುಕರಣವು ಅವರ ಸ್ವಂತಿಕೆಯನ್ನು ಕೊಂದಿತೆ? ಕೊಲ್ಲಲಿಲ್ಲ, ಅದಕ್ಕೆ ನೆಲವನ್ನು ಹದಗೊಳಿಸಿತು.

ಯುರೋಪಿನ ಗುರುಗಳೂ ಇದೇ ದಾರಿಯಲ್ಲಿ ನಡೆದವರು. ರೂಬೆನ್ಸ್‌ನು 1628ರಲ್ಲಿ ಮ್ಯಾಡ್ರಿಡ್ ನಗರಕ್ಕೆ ಹೋದಾಗ ಅವನಿಗೆ ವಯಸ್ಸು ಐವತ್ತು ದಾಟಿತ್ತು, ಕೀರ್ತಿಯು ಯುರೋಪವನ್ನೆಲ್ಲ ತುಂಬಿತ್ತು. ಆದರೂ ಅವನು ಅಲ್ಲಿಯ ಅರಮನೆಯಲ್ಲಿದ್ದ ಟಿಶಿಯನ್ನನ ಚಿತ್ರಗಳ ಮುಂದೆ ವಿದ್ಯಾರ್ಥಿಯಂತೆ ನಿಂತು ಅವುಗಳ ಪ್ರತಿಗಳನ್ನು ಬರೆದನು. ಹಾಲೆಂಡಿನ ರೆಂಬ್ರಾಂಟ್‌ನ ಸಂಗತಿಯಂತೂ ನಾವು ನೆನಪಿಡಬೇಕಾದುದು. ಅವನು 1656ರಿಂದ ಕೆಲವು ವರುಷಗಳಲ್ಲಿ ನಮ್ಮ ದೇಶದ ಮೊಗಲ ಚಿತ್ರಗಳನ್ನು ಮುಂದಿಟ್ಟುಕೊಂಡು, ಏಷ್ಯದಿಂದ ಬಂದ ಕಾಗದದ ಮೇಲೆ, ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳನ್ನು ನೋಡಿ ಬರೆದನು. ಅವು ಇಂದಿಗೂ ಉಳಿದಿವೆ. ಬರೋಕ್ ಗುರುವೇ ಹಿಂದುಸ್ತಾನದ ಚಿತ್ರಕಾರರಿಂದ ಕಲಿಯಲು ನಾಚಲಿಲ್ಲವೆಂದ ಮೇಲೆ, ಅವನ ಕಾಲದವರಿಂದ ಕಲಿಯಲು ನಾವು ನಾಚುವದೇಕೆ? ಅಲ್ಲದೆ ಈ ಕೊಡುಕೊಳ್ಳುವಿಕೆಯು ನಮ್ಮ ನೆರೆಯಲ್ಲಿಯೇ ನಡೆದಿತ್ತು. ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಡಚ್ ಚಿತ್ರಕಾರನು 1610ರ ಸುಮಾರಿನಲ್ಲಿ ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನ ಆಸ್ಥಾನದಲ್ಲಿ ಚಾಕರಿ ಮಾಡಿದ್ದನು.

ಇಷ್ಟು ಹೇಳಿದ ಮೇಲೆ, ಎಲ್ಲ ನಕಲೂ ಒಳ್ಳೆಯದೆಂದು ನಾವು ಹೇಳುತ್ತಿಲ್ಲ. ಕ್ಯಾಲೆಂಡರಿನ ಚಿತ್ರದ ಮೇಲೆ ಚೌಕದ ಗೆರೆಗಳನ್ನು ಎಳೆದು, ಒಂದೊಂದು ಚೌಕವನ್ನು ದೊಡ್ಡದು ಮಾಡಿ ಬಣ್ಣ ತುಂಬುವದೂ ನಕಲೇ. ಅದರಿಂದ ಚಿತ್ರವು ತಯಾರಾಗುವದು, ಚಿತ್ರಕಾರನು ತಯಾರಾಗುವದಿಲ್ಲ. ರಾಜಾ ರವಿವರ್ಮರು ತಿರುವಾಂಕೂರಿನ ಅರಮನೆಯಲ್ಲಿ 1868ರಲ್ಲಿ ಥಿಯೊಡೋರ್ ಜೆನ್ಸನ್ನನು ಚಿತ್ರ ಬರೆಯುವದನ್ನು ನಿಂತು ನೋಡಿ, ತೈಲವರ್ಣದ ರಹಸ್ಯವನ್ನು ತಾವೇ ಬಿಡಿಸಿಕೊಂಡವರು. ಅವರು 1894ರಲ್ಲಿ ಸ್ಥಾಪಿಸಿದ ಮುದ್ರಣಾಲಯದಿಂದ ಚಿತ್ರಗಳು ಮನೆಮನೆಗೂ ಬಂದುವು. ಆಮೇಲೆ ಬಂದವರು ಆ ಮುದ್ರಿತ ಚಿತ್ರಗಳನ್ನು ನೋಡಿ ಬರೆದರು. ಅವರನ್ನು ನೋಡಿ ಮತ್ತೊಬ್ಬರು ಬರೆದರು. ನೆರಳಿನ ನೆರಳು, ಅದರ ನೆರಳು! ಹೀಗೆ ಕೈಯಿಂದ ಕೈಗೆ ಇಳಿಯುತ್ತ ಮುಖದ ಎಲುಬು ಕರಗಿತು, ಮೈಬಣ್ಣ ತೊಳೆದುಹೋಯಿತು, ಉಳಿದುದು ಆಭರಣವೊಂದೇ.

ಯಾರನ್ನು ನೋಡಿ ಬರೆಯಬೇಕು?

ನಮ್ಮ ತರುಣರು ಒಂದೇ ಚಿತ್ರವನ್ನು ಆರಿಸಿಕೊಳ್ಳುವದಾದರೆ, ಸ್ಪೇನ ದೇಶದ ದಿಯೇಗೊ ವೆಲಾಸ್ಕೆಸ್‌ನು 1650ರಲ್ಲಿ ರೋಮ್ ನಗರದಲ್ಲಿ ಬರೆದ ‘ಹುವಾನ್ ದೆ ಪರೇಹಾ’ ಎಂಬ ಭಾವಚಿತ್ರವನ್ನು ನಾವು ಸೂಚಿಸುತ್ತೇವೆ. ಅದು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಎತ್ತರ ಸುಮಾರು 81 ಸೆಂಟಿಮೀಟರ, ಅಗಲ 70. ಸಾಮಾನ್ಯ ಮನೆಯ ಗೋಡೆಗೆ ಒಪ್ಪುವಷ್ಟೇ ದೊಡ್ಡದು.

ಈ ಪರೇಹಾ ಯಾರು? ರಾಜನಲ್ಲ, ಸರದಾರನಲ್ಲ, ವೆಲಾಸ್ಕೆಸ್‌ನ ಮನೆಯಲ್ಲಿದ್ದ ಗುಲಾಮ. ಕಂದುಬಣ್ಣದ ಮೈಯವನು. ವೆಲಾಸ್ಕೆಸ್‌ನು ಪೋಪ್ ಹತ್ತನೆಯ ಇನೊಸೆಂಟರ ಭಾವಚಿತ್ರವನ್ನು ಬರೆಯುವ ಮೊದಲು ಕೈಪಳಗಲೆಂದು ಇವನನ್ನು ಕೂಡ್ರಿಸಿ ಬರೆದನಂತೆ. 1724ರಲ್ಲಿ ಪ್ರಕಟವಾದ ಪಾಲೊಮಿನೊನ ಗ್ರಂಥದಲ್ಲಿ ಒಂದು ಸ್ವಾರಸ್ಯದ ಸಂಗತಿಯಿದೆ. ಚಿತ್ರವನ್ನು ಮಿತ್ರರಿಗೆ ತೋರಿಸಿ ಬರಲು ಪರೇಹಾನ ಕೈಯಲ್ಲಿಯೇ ಕಳಿಸಲಾಗಿ, ನೋಡಿದವರು ಚಿತ್ರದೊಡನೆ ಮಾತಾಡಬೇಕೊ ಮನುಷ್ಯನೊಡನೆ ಮಾತಾಡಬೇಕೊ ತಿಳಿಯದೆ ತಬ್ಬಿಬ್ಬಾದರಂತೆ. ಅದೇ 1650ರ ನವೆಂಬರದಲ್ಲಿ ವೆಲಾಸ್ಕೆಸ್‌ನು ಅವನ ಬಿಡುಗಡೆಯ ಪತ್ರಕ್ಕೆ ರುಜು ಹಾಕಿದನು. ನಾಲ್ಕು ವರುಷಗಳ ತರುವಾಯ ಅದು ಜಾರಿಗೆ ಬರತಕ್ಕದ್ದೆಂದು ಅದರಲ್ಲಿ ಕರಾರಿತ್ತು. ಮುಂದೆ ಪರೇಹಾನು ತಾನೂ ಚಿತ್ರಕಾರನಾದನು. ಅವನು 1661ರಲ್ಲಿ ಬರೆದ ದೊಡ್ಡ ಚಿತ್ರವೊಂದು ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿದೆ.

ಈ ಚಿತ್ರವು ನಮಗೆ ಎರಡು ಕಾರಣಗಳಿಂದ ಬೇಕು. ಮೊದಲನೆಯದು ಬಣ್ಣ. ಯುರೋಪಿನ ಗುಲಾಬಿ ಮುಖಗಳನ್ನೇ ನೋಡಿ ಬರೆದವನು ಬೈಲಹೊಂಗಲದ ರೈತನ ಮುಖಕ್ಕೂ ಗುಲಾಬಿಯನ್ನೇ ಬಳಿಯುವನು. ಪರೇಹಾನ ಮುಖದಲ್ಲಿ ಕಂದುಬಣ್ಣವು ಹೇಗೆ ಬೆಳಕನ್ನು ಹಿಡಿಯುತ್ತದೆ, ಹಣೆಯ ಮೇಲೆ ಮತ್ತು ಮೂಗಿನ ತುದಿಯಲ್ಲಿ ಹೊಳಪು ಹೇಗೆ ತೀಕ್ಷ್ಣವಾಗಿ ನಿಲ್ಲುತ್ತದೆ, ಕೆನ್ನೆಯ ಕೆಳಗೆ ನೆರಳು ಹೇಗೆ ಮೆಲ್ಲಗೆ ಬೆಚ್ಚಗಾಗುತ್ತದೆ ಎಂಬ ಪಾಠವಿದೆ. ಎರಡನೆಯದು ಮಾನ. ಒಂದು ತೋಳನ್ನು ಎದೆಗೆ ಅಡ್ಡಲಾಗಿ ಹಿಡಿದು, ನೋಡುವವನನ್ನು ನೇರವಾಗಿ ನೋಡುವ ಆ ಸೇವಕನ ನಿಲುವಿನಲ್ಲಿ ದೈನ್ಯದ ಲೇಶವೂ ಇಲ್ಲ. ಸಂಗೊಳ್ಳಿಯ ರಾಯಣ್ಣನನ್ನು ಬರೆಯಬೇಕಾದವನು ಇಂಥ ನೋಟವನ್ನು ಬರೆಯಲು ಮೊದಲು ಕಲಿಯಬೇಡವೆ?

ಅಭ್ಯಾಸದ ಕ್ರಮ

ಇನ್ನು ಸಾಮಗ್ರಿಯ ಮಾತು. ತೈಲಚಿತ್ರವು ಪರದೇಶಿಯೆಂದು ಹೇಳುವವರು ಅದರ ತೈಲವು ಯಾವುದೆಂದು ವಿಚಾರಿಸಿಲ್ಲ. ಅದು ಅಗಸೆಯ ಎಣ್ಣೆ. ನಮ್ಮ ಕರಿನೆಲದ ಹಿಂಗಾರಿಯಲ್ಲಿ ನೀಲಿ ಹೂ ಬಿಡುವ ಅಗಸೆ, ರೊಟ್ಟಿಯ ಜೊತೆಗೆ ನಾವು ತಿನ್ನುವ ಚಟ್ನಿಯ ಅಗಸೆ! ಆ ಗುರುಗಳು ಬಳಸಿದ ಲಿನನ್ ಬಟ್ಟೆಯೂ ಅಗಸೆಯ ನಾರಿನದೇ. ಬಿಳಿಯ ಬಣ್ಣವು ಹಳದಿಗೆ ತಿರುಗದಿರಲೆಂದು ಕೆಲವರು ಬಳಸುವದು ಕುಸುಬಿಯ ಎಣ್ಣೆಯನ್ನು. ಅದೂ ನಮ್ಮ ಹೊಲದ್ದೇ. ಈ ಎಣ್ಣೆಗಳು ನೀರಿನಂತೆ ಆರಿಹೋಗುವದಿಲ್ಲ. ಗಾಳಿಯೊಳಗಿನ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತವೆ. ಶೇಂಗಾದ ಎಣ್ಣೆಗೆ ಈ ಗುಣವಿಲ್ಲದ್ದರಿಂದ ಅದು ಚಿತ್ರಕ್ಕೆ ಒದಗದು. ಅಡಿಗೆಗೆಂದು ತೆಗೆದ ಎಣ್ಣೆಯನ್ನೇ ಬಳಸದೆ ಚಿತ್ರಕ್ಕಾಗಿ ಶುದ್ಧಿಗೊಳಿಸಿದುದನ್ನು ಕೊಳ್ಳಬೇಕು. ಬಟ್ಟೆಯು ಬೈಲಹೊಂಗಲದ ಪೇಟೆಗೆ ಬರುವ ಹತ್ತಿಯದೇ ಆಗಲಿ. ಆದರೆ ಅದಕ್ಕೆ ಮೊದಲು ಸರೇಸು ಹಚ್ಚಿ, ಮೇಲೆ ಬಿಳಿಯ ಲೇಪವನ್ನು ಕೊಡದಿದ್ದರೆ ಅಗಸೆಯೆಣ್ಣೆಯು ಕ್ರಮೇಣ ಬಟ್ಟೆಯನ್ನು ತಿಂದುಹಾಕುವದು.

ಬಣ್ಣಗಳು ನಾಲ್ಕು ಸಾಕು: ಬಿಳಿ, ಹಳದಿಯ ಮಣ್ಣು, ಕೆಂಪು, ಕಪ್ಪು. ಹಿಂದಿನವರ ಸೀಸದ ಬಿಳಿಯು ವಿಷವಾದುದರಿಂದ ಇಂದು ಟೈಟೇನಿಯಂ ಬಿಳಿಯನ್ನು ಬಳಸುವದು ಕ್ಷೇಮ. ನೀಲಿಯು ಎಲ್ಲಿ ಎಂದು ಕೇಳುವಿರಾ? ಕಪ್ಪು ಬಿಳಿಗಳನ್ನು ಬೆರಸಿದ ಬೂದಿಬಣ್ಣವನ್ನು ಕೆಂಪು ಮಣ್ಣಿನ ಪಕ್ಕದಲ್ಲಿಟ್ಟು ನೋಡಿರಿ. ಅದೇ ನೀಲಿಯಾಗಿ ತೋರುವದು. ಬಣ್ಣವು ಡಬ್ಬಿಯಲ್ಲಿಲ್ಲ, ನೆರೆಹೊರೆಯಲ್ಲಿದೆ ಎಂಬುದು ಮೊದಲನೆಯ ದಿನದ ಪಾಠ.

ಮೂಲದ ಒಳ್ಳೆಯ ಪ್ರತಿಬಿಂಬವನ್ನು ಚೌಕಟ್ಟಿನ ಪಕ್ಕದಲ್ಲಿಯೇ ನಿಲ್ಲಿಸಿ, ಆರೇಳು ಅಡಿ ಹಿಂದೆ ಸರಿದು ನೋಡಬೇಕು. ಮುಂದೆ ಬಂದು ಒಂದು ಗುರುತು ಹಾಕಬೇಕು. ಮತ್ತೆ ಹಿಂದೆ ಹೋಗಬೇಕು. ಚೌಕದ ಗೆರೆಗಳು ಬೇಡ. ಗವಂಡಿಯ ತೂಗುಗುಂಡಿನಂಥ ಒಂದು ದಾರವನ್ನು ಹಿಡಿದು, ಕಣ್ಣಿನ ಕೊನೆಯ ನೇರಕ್ಕೆ ತುಟಿಯ ಕೊನೆ ಎಲ್ಲಿ ಬರುವದೆಂದು ಅಳೆಯಬೇಕು. ತರುವಾಯ ಕಣ್ಣನ್ನು ಅರ್ಧ ಮುಚ್ಚಿ ನೋಡಿದರೆ ಸಣ್ಣಪುಟ್ಟ ವಿವರಗಳೆಲ್ಲ ಮಾಯವಾಗಿ, ಬೆಳಕು ನೆರಳುಗಳ ದೊಡ್ಡ ತುಂಡುಗಳಷ್ಟೇ ಉಳಿಯುವವು. ಅವನ್ನು ತೆಳುವಾದ ಕಂದುಬಣ್ಣವೊಂದರಲ್ಲಿಯೇ ಮೊದಲು ನಿಲ್ಲಿಸಬೇಕು. ಕಣ್ಣು ರೆಪ್ಪೆಗಳನ್ನು ಮೊದಲ ದಿನವೇ ಬರೆಯಹೊರಟವನು ಗೋಡೆ ಕಟ್ಟದೆ ಕಿಟಕಿ ಕೂಡ್ರಿಸುವವನಂತೆ.

ಆಮೇಲೆ ಬಣ್ಣ. ನೆರಳು ತೆಳುವಾಗಿರಲಿ, ಬೆಳಕು ದಪ್ಪವಾಗಿರಲಿ. ಕಂದು ಮೈಯನ್ನು ಬೆಳಗಿಸಲು ಬಿಳಿಯನ್ನೇ ಸುರಿದರೆ ಮುಖಕ್ಕೆ ಸುಣ್ಣ ಬಳಿದಂತಾಗುವದು. ಹಳದಿ ಕೆಂಪುಗಳಿಂದಲೇ ಮೇಲೇರಿ, ಬಿಳಿಯನ್ನು ಕೊನೆಯ ಹೊಳಪಿಗೆ ಕಾದಿಡಬೇಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಇದು ತಪ್ಪಬಾರದ ನಿಯಮ. ತಪ್ಪಿದರೆ ಮೇಲಿನದು ಮೊದಲು ಬಿಗಿದುಕೊಂಡು, ಬೇಸಿಗೆಯ ಕೆರೆಯಂಗಳದಂತೆ ಚಿತ್ರವು ಬಿರುಕುಬಿಡುವದು. ಪರೇಹಾನ ಬಿಳಿಯ ಜಾಳಿಗೆಯ ಕೊರಳಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಅಲ್ಲಿ ಜಾಳಿಗೆಯಿಲ್ಲ, ಕುಂಚವನ್ನು ಬೀಸಿದ ಗುರುತುಗಳಷ್ಟೇ ಇವೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ದಾರದ ನೇಯ್ಗೆಯೆಲ್ಲ ಕಣ್ಣಿಗೆ ಕಟ್ಟುವದು. ಎಷ್ಟನ್ನು ಬರೆಯದೆ ಬಿಡಬೇಕೆಂಬ ಈ ವಿವೇಕವನ್ನು ಯಾವ ಪುಸ್ತಕವೂ ಕಲಿಸಲಾರದು; ಅದೇ ಬೀಸನ್ನು ಹತ್ತು ಸಲ ಬೀಸಿ ಸೋತ ಕೈಗೆ ಮಾತ್ರ ಅದು ಹತ್ತುವದು.

ಕೆಲವು ಎಚ್ಚರಿಕೆಗಳು ಸ್ಥಳಕ್ಕೆ ಸಂಬಂಧಿಸಿದವು. ಉತ್ತರದ ಕಿಟಕಿಯ ಬೆಳಕು ಸ್ಥಿರವಾದುದೆಂದು ಯುರೋಪಿನ ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮ ಸೀಮೆಯಲ್ಲಿ ಮೇ ತಿಂಗಳ ಮೊದಲಿನಿಂದ ಆಗಸ್ಟದ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಸರಿಯುವದರಿಂದ, ಆ ದಿನಗಳಲ್ಲಿ ಕಿಟಕಿಗೆ ತೆಳುವಾದ ಬಿಳಿಯ ಪರದೆ ಬೇಕು. ಮಳೆಗಾಲದಲ್ಲಿ ಬಣ್ಣವು ಆರುವದು ತಡ, ಆತುರವು ಸಲ್ಲದು. ಅಗಸೆಯೆಣ್ಣೆ ಒರೆಸಿದ ಚಿಂದಿಗಳನ್ನು ಗುಡ್ಡೆಹಾಕಿದರೆ ಅವು ತಾವಾಗಿಯೇ ಕಾದು ಹೊತ್ತಿಕೊಳ್ಳುವ ಅಪಾಯವುಂಟು, ನೀರಿನಲ್ಲಿ ನೆನೆಹಾಕಿಡಬೇಕು.

ಮೂಲವನ್ನು ನೋಡಲು ನ್ಯೂಯಾರ್ಕಿಗೆ ಹೋಗುವದು ಎಲ್ಲರಿಗೂ ಸಾಧ್ಯವಿಲ್ಲ. ಅದೇ ಸಂಗ್ರಹಾಲಯವು 2017ರಿಂದ ತನ್ನಲ್ಲಿಯ ಹಳೆಯ ಚಿತ್ರಗಳ ಉತ್ತಮ ಪ್ರತಿಬಿಂಬಗಳನ್ನು ಲೋಕಕ್ಕೆ ಉಚಿತವಾಗಿ ತೆರೆದಿಟ್ಟಿದೆ. ರಾಮದುರ್ಗದ ಹುಡುಗನು ಅವನ್ನು ಮೊಬೈಲಿನಲ್ಲಿಯೇ ನೋಡಬಹುದು. ಆದರೆ ಪರದೆಯು ಬಣ್ಣದ ದಪ್ಪವನ್ನು ತೋರಿಸದು. ಆದುದರಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ, ಬಡೋದೆಯ ಚಿತ್ರಶಾಲೆ, ಹೈದರಾಬಾದಿನ ಸಾಲಾರಜಂಗ ಸಂಗ್ರಹಾಲಯಗಳಲ್ಲಿರುವ ಯುರೋಪಿನ ತೈಲಚಿತ್ರಗಳನ್ನೂ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮರ ಚಿತ್ರಗಳನ್ನೂ ಒಮ್ಮೆಯಾದರೂ ಎದುರಿಗೆ ನಿಂತು ನೋಡಬೇಕು. ಇನ್ನೊಂದು ನಿಯಮ ಪ್ರಾಮಾಣಿಕತೆಯದು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಕುಳಿತು ಪ್ರತಿ ಬರೆಯುವವರು ಮೂಲದ ಅಳತೆಯನ್ನೇ ಇಡಕೂಡದು. ಐದನೆಯ ಒಂದು ಪಾಲು ಹಿರಿದು ಅಥವಾ ಕಿರಿದು ಮಾಡಬೇಕು. ನಮ್ಮವರೂ ಅದನ್ನೇ ಪಾಲಿಸಿ, ‘ಇಂಥವನ ಚಿತ್ರವನ್ನು ನೋಡಿ ಬರೆದುದು’ ಎಂದು ಹಿಂಬದಿಯಲ್ಲಿ ಸ್ಪಷ್ಟವಾಗಿ ಬರೆಯಲಿ. ಹೇಳಿ ಮಾಡಿದುದು ಅಭ್ಯಾಸ, ಮುಚ್ಚಿ ಮಾಡಿದುದು ಕಳವು.

ಪ್ರತಿಯಿಂದ ಮನುಷ್ಯನೆಡೆಗೆ

ಆದರೆ ಜೀವಮಾನವೆಲ್ಲ ಪ್ರತಿಯನ್ನೇ ಬರೆಯುತ್ತ ಕುಳಿತವನು ಹೊಳೆಯ ದಡದಲ್ಲಿಯೇ ಈಜು ಕಲಿತಂತೆ. ಮೂರು ಪ್ರತಿಗಳಾಗಲಿ: ಒಂದು ಏಕವರ್ಣದಲ್ಲಿ, ಒಂದು ಮುಖ ಮಾತ್ರ, ಒಂದು ಸಂಪೂರ್ಣ. ಆಮೇಲೆ ಮೂಲವನ್ನು ಮುಚ್ಚಿಟ್ಟು, ಜೀವಂತ ಮನುಷ್ಯರನ್ನು ಅದೇ ಬೆಳಕಿನಲ್ಲಿ ಕೂಡ್ರಿಸಬೇಕು. ಸುರೇಬಾನದ ನೇಕಾರನು ಕೂಡ್ರಲಿ. ಯಲ್ಲಮ್ಮನ ಗುಡ್ಡಕ್ಕೆ ಜೀವಮಾನವೆಲ್ಲ ನಡೆದುಬಂದ ಮುದುಕಿಯು ಕೂಡ್ರಲಿ. ಕಿತ್ತೂರಿನಲ್ಲಿ ಗಂಡನನ್ನು ಕಳೆದುಕೊಂಡು ಹೊಲಮನೆಗಳನ್ನು ತಾನೇ ನಡೆಸಿದ ನಲವತ್ತಾರರ ಗೌಡತಿಯು ಕೂಡ್ರಲಿ. ಚನ್ನಮ್ಮನವರ ಮುಖವನ್ನು ಹುಡುಕಬೇಕಾದುದು ಕ್ಯಾಲೆಂಡರಿನಲ್ಲಲ್ಲ, ಈ ಮುಖಗಳಲ್ಲಿ. ಅದು ರಾಣಿಯವರ ಯಥಾರ್ಥ ಪ್ರತಿರೂಪವೆಂದು ಯಾರೂ ಪ್ರತಿಜ್ಞೆ ಮಾಡಲಾರರು, ನಿಜ. ಆದರೆ ಅವರ ನೆಲದ, ಅವರ ವಯಸ್ಸಿನ, ಅವರಂತೆ ಭಾರ ಹೊತ್ತ ಸ್ತ್ರೀಯ ಮುಖವಾದರೂ ಅದಾಗುವದು. ಸುಳ್ಳು ಚೆಲುವಿಗಿಂತ ಇದು ರಾಣಿಯವರಿಗೆ ಹೆಚ್ಚಿನ ಗೌರವವೆಂದು ನಾವು ನಂಬುತ್ತೇವೆ.

ಇದಕ್ಕೆ ಬೇಕಾದುದು ಬಹಳವಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ತಮ್ಮ ತಮ್ಮ ಊರುಗಳಲ್ಲಿ ಚಿತ್ರಶಾಲೆಗಳನ್ನು ಕಟ್ಟಿ ನಡೆಸಿದರು. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿಯವರ ಚಿತ್ರಮಂದಿರದಲ್ಲಿ ಕಲಿತ ರವಿ ಪರಾಂಜಪೆಯವರಂಥವರು ದೇಶದಲ್ಲೆಲ್ಲ ಹೆಸರಾದರು. ಆ ಪರಂಪರೆಯನ್ನು ಈ ನಾಲ್ಕು ತಾಲೂಕುಗಳಿಗೆ ಮುಂದುವರಿಸಲು ಒಂದೊಂದು ಊರಿಗೆ ಒಂದು ಕೋಣೆ, ಒಂದು ದೊಡ್ಡ ಕಿಟಕಿ, ಹತ್ತು ಚೌಕಟ್ಟುಗಳು, ತಾಳ್ಮೆಯುಳ್ಳ ಒಬ್ಬ ಚಿತ್ರಕಲಾ ಶಿಕ್ಷಕರು ಸಾಕು. ಅಕ್ಟೋಬರದಲ್ಲಿ ಕಿತ್ತೂರ ಉತ್ಸವವು ನಡೆಯುತ್ತದೆ. ಭಾಷಣಗಳೂ ಮೆರವಣಿಗೆಗಳೂ ಅಲ್ಲಿ ಬೇಕಾದಷ್ಟಿವೆ. ಅದೇ ಸಮಯದಲ್ಲಿ ಈ ಅಭ್ಯಾಸಿಗಳ ಪ್ರತಿಗಳನ್ನೂ, ಅವುಗಳ ಪಕ್ಕದಲ್ಲಿ ಅವರು ತಮ್ಮ ಊರವರನ್ನು ನೋಡಿ ಬರೆದ ಭಾವಚಿತ್ರಗಳನ್ನೂ ಒಂದು ಗೋಡೆಯ ಮೇಲೆ ತೂಗುಹಾಕಿದರೆ, ವರುಷ ವರುಷಕ್ಕೆ ಕೈ ಎಷ್ಟು ಬೆಳೆಯಿತೆಂದು ಜನರೇ ನೋಡುವರು.

ರಾಣಿಯವರ ಖಡ್ಗವನ್ನು ನಾವು ಬೇಕಾದಷ್ಟು ಸಲ ಬರೆದಿದ್ದೇವೆ. ಅದನ್ನು ಹಿಡಿದ ಕೈಯ ನರಗಳನ್ನೂ, ಅದನ್ನು ಎತ್ತಲು ನಿಶ್ಚಯಿಸಿದ ಕಣ್ಣುಗಳನ್ನೂ ಬರೆಯುವ ಕೆಲಸವು ಬಾಕಿಯಿದೆ. ಅದಕ್ಕೆ ತಕ್ಕ ಕೈಗಳನ್ನು ತಯಾರಿಸುವದು ಈ ನಾಲ್ಕು ತಾಲೂಕುಗಳ ಶಿಕ್ಷಕರ, ಪಾಲಕರ, ಊರ ಹಿರಿಯರ ಹೊಣೆ. ಕಲಿಯುವವರು ಅಗಸೆಯೆಣ್ಣೆಯ ಬಣ್ಣವು ಆರುವವರೆಗೆ ಕಾಯುವಷ್ಟು ತಾಳ್ಮೆಯನ್ನು ಇಟ್ಟುಕೊಂಡರೆ ಆ ಹೊಣೆಯು ಈಡೇರದೆ ಇರಲಾರದು.